ಮೋಲಿ ಮೀನು ತಂದ ವಾರದಲ್ಲೇ ಸಾಯುತ್ತಿದೆಯೇ? ಮೊದಲು ನೀರು ನೋಡಿ

ಮನೆ ಹಾಲ್‌ನಲ್ಲೋ ಅಂಗಡಿ ಕೌಂಟರ್ ಮೇಲೋ ಅಕ್ವೇರಿಯಂ ಇಟ್ಟವರು ಮೊದಲು ತರುವ ಮೀನುಗಳಲ್ಲಿ ಮೋಲಿಯೂ ಒಂದು. ಕಪ್ಪು, ಬಿಳಿ, ಕಿತ್ತಳೆ ಬಣ್ಣಗಳಲ್ಲಿ ಸಿಗುತ್ತೆ, ಬೆಲೆಯೂ ಕಡಿಮೆ. ಆದರೆ ತಂದ ವಾರದಲ್ಲೇ ಸತ್ತುಹೋಯ್ತು ಅನ್ನೋ ದೂರು ಸಾಮಾನ್ಯ. ಹೆಚ್ಚಿನ ಸಲ ಇದಕ್ಕೆ ಕಾರಣ ರೋಗವಲ್ಲ, ನೀರು.

ಮೀನಿನ ಮಲ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತೆ. ಇದು ಮೀನಿಗೆ ವಿಷ. ಇದನ್ನು ಕಡಿಮೆ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯೋಕೆ 4ರಿಂದ 6 ವಾರ ಬೇಕು. ಹಾಗಾಗಿ ಹೊಸ ತೊಟ್ಟಿಗೆ ಒಂದೇ ದಿನ 10 ಮೀನು ಬಿಡಬೇಡಿ. 2–3 ಮೀನಿನಿಂದ ಶುರು ಮಾಡಿ, ಆಹಾರ ಚಿಟಿಕೆಯಷ್ಟೇ ಹಾಕಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿ, ತೊಟ್ಟಿ ಉಜ್ಜಿ ತೊಳೆಯೋದು ಬೇಡ. ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ಮೀನಿಗೂ ಕೆಟ್ಟದ್ದು, ಆ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು.

ಮೋಲಿಗೆ ಗಡಸು ನೀರೇ ಒಗ್ಗುತ್ತೆ. ಶುದ್ಧ ಅಂತ ಬರೀ ಆರ್‌ಒ ನೀರು ತುಂಬಿದರೆ ಖನಿಜಾಂಶ ಸಿಗದೆ ಮೀನು ಸೊರಗುತ್ತೆ. ಗಡಸಾದ ಬೋರ್‌ವೆಲ್ ನೀರು ಇದಕ್ಕಿಂತ ವಾಸಿ.

ಮೋಲಿ ಮೊಟ್ಟೆ ಇಡಲ್ಲ, ಸುಮಾರು ತಿಂಗಳಿಗೊಮ್ಮೆ ನೇರವಾಗಿ ಮರಿ ಹಾಕುತ್ತೆ. 1 ಗಂಡಿಗೆ 2–3 ಹೆಣ್ಣು ಇದ್ದರೆ ಹೆಣ್ಣಿಗೆ ಕಾಟ ಕಡಿಮೆ. ಮರಿ ಜಾಸ್ತಿಯಾಯ್ತು ಅಂತ ಕೆರೆಗೋ ಬಾವಿಗೋ ಬಿಡಬೇಡಿ. ಮೆಕ್ಸಿಕೊ, ಮಧ್ಯ ಅಮೆರಿಕ ಮೂಲದ ಈ ಮೀನು ಅಲ್ಲಿ ಬೇರೂರಿದರೆ ನಮ್ಮ ಕೆರೆಯ ಸಣ್ಣ ಮೀನುಗಳ ಆಹಾರಕ್ಕೇ ಪೈಪೋಟಿ. ಸಾಕುವವರಿಗೆ ಕೊಡಿ, ಇಲ್ಲವೇ ತಂದ ಅಂಗಡಿಯಲ್ಲೇ ವಿಚಾರಿಸಿ.