ಮೊಡವೆ ಒಡೆದರೆ ಜೇಡದ ಮರಿ ಬರುತ್ತವೆಯೇ?

2019ರ ಅಮೆರಿಕನ್ ಹಾರರ್ ಸಿನಿಮಾ ‘ಸ್ಕೇರಿ ಸ್ಟೋರೀಸ್ ಟು ಟೆಲ್ ಇನ್ ದ ಡಾರ್ಕ್’ನಲ್ಲಿ ಹುಡುಗಿಯೊಬ್ಬಳ ಕೆನ್ನೆಯ ಮೊಡವೆ ಒಡೆದು ಜೇಡಗಳು ಹೊರಬರುತ್ತವೆ. ಮೂಲ ಮಕ್ಕಳ ಪುಸ್ತಕಗಳನ್ನು ಓದಿ ಬೆಳೆದ ಅಭಿಮಾನಿಗಳಿಗೆ ಇದು ಹಳೆಯ ಹೆದರಿಕೆ. ಹೊಸದಾಗಿ ನೋಡಿದವರು ಮಾತ್ರ ಕನ್ನಡಿ ಮುಂದೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾರೆ: ಇದು ನಿಜಕ್ಕೂ ಆಗುತ್ತದೆಯೇ?

ಇಲ್ಲ. ಜೇಡ ಕಚ್ಚುವುದು ಬಾಯಿಯ ಬಳಿಯ ವಿಷದ ಹಲ್ಲಿನಿಂದ; ಮೊಟ್ಟೆ ಬರುವುದು ಹೊಟ್ಟೆಯ ಕೆಳಭಾಗದಿಂದ. ಚರ್ಮ ಚುಚ್ಚಿ ಮೊಟ್ಟೆಯಿಡುವ ಅಂಗ ಅದಕ್ಕೆ ಇಲ್ಲವೇ ಇಲ್ಲ. ಮೊಟ್ಟೆಗಳನ್ನು ಅದು ನೂಲಿನ ಚೀಲದಲ್ಲಿ ಸುತ್ತಿಡುತ್ತದೆ. ನಮ್ಮ ಮನೆಗಳ ಗೋಡೆಗೆ ಅಂಟಿರುವ ಬಿಳಿ ಬಿಲ್ಲೆಗಳು ಹೆಚ್ಚಾಗಿ ಅವೇ.

ಚರ್ಮದೊಳಗೆ ಮೊಟ್ಟೆಯಿಡುವ ಜೀವಿಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಕಜ್ಜಿ ತರುವ ನುಸಿ ಹಾಗೆ ಮಾಡುತ್ತದೆ. ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ. ರಾತ್ರಿ ತುರಿಕೆ ಹೆಚ್ಚಾಗಿ, ಮನೆಯ ಇತರರಿಗೂ ಹಬ್ಬಿದರೆ ವೈದ್ಯರಿಗೆ ತೋರಿಸಿ, ಔಷಧಿಯಿಂದ ವಾಸಿಯಾಗುತ್ತದೆ.

ಈ ಜೇಡದ ಕಥೆ ಸಿನಿಮಾದವರು ಕಟ್ಟಿದ್ದಲ್ಲ. ಜನರ ಬಾಯಲ್ಲಿದ್ದ ಕಥೆಗಳನ್ನು ಸಂಗ್ರಹಿಸುತ್ತಿದ್ದ ಆಲ್ವಿನ್ ಶ್ವಾರ್ಟ್ಸ್ ಇದನ್ನು 1991ರ ಪುಸ್ತಕದಲ್ಲಿ ಸೇರಿಸಿದರು. ವಾಟ್ಸಾಪ್ ಹುಟ್ಟುವ ಮೊದಲೇ ಇದು ಫಾರ್ವರ್ಡ್ ಆಗುತ್ತಿತ್ತು!

ಹಾಗೆಂದು ಮೊಡವೆ ಹಿಂಡಬೇಡಿ. ಸೋಂಕಾಗಿ ಕಲೆ ಉಳಿಯಬಹುದು.