ದಡ ಹತ್ತಿರವಿದ್ದರೆ ಭಯವಿಲ್ಲವೇ?

ಸೆಕೆಂಡ್‌ಹ್ಯಾಂಡ್ ಹಾಯಿದೋಣಿಯೊಂದನ್ನು ಹೊಂದಿಸಿಕೊಂಡು ಗೋವಾದಿಂದ ಕಾರವಾರಕ್ಕೆ ಹೊರಡುತ್ತೇನೆ ಎನ್ನುವವನಿಗೆ ಎಲ್ಲರೂ ಹೇಳುವುದು ಒಂದೇ ಮಾತು: ದಡ ಬಿಟ್ಟು ದೂರ ಹೋಗಬೇಡ.

ಆದರೆ ದೋಣಿ ಒಡೆಯುವುದು ಹೆಚ್ಚಾಗಿ ನೆಲಕ್ಕೆ ಬಡಿದು. ಚಳಿಗಾಲದ ಮಧ್ಯಾಹ್ನಗಳಲ್ಲಿ ಪಶ್ಚಿಮ ಕರಾವಳಿಯ ಗಾಳಿ ವಾಯವ್ಯದಿಂದ, ಅಂದರೆ ಕಡಲಿಂದ ದಡದತ್ತ ಬೀಸುತ್ತದೆ. ಹಗ್ಗ ತುಂಡಾಗಿ ಹಾಯಿ ಕೆಳಗೆ ಬಿತ್ತೆನ್ನಿ. ದೋಣಿ ಗಂಟೆಗೆ ಒಂದು ಮೈಲಿಯಂತೆ ದಡದತ್ತ ತೇಲಿದರೂ ಅರ್ಧ ಮೈಲಿ ದೂರದಲ್ಲಿದ್ದವನಿಗೆ ಸಿಗುವುದು ಅರ್ಧ ಗಂಟೆ. ಐದು ಮೈಲಿ ಆಚೆ ಇದ್ದವನಿಗೆ ಐದು ಗಂಟೆ. ಈ ಐದು ಗಂಟೆಗೆ ಕಾಸು ಕೊಡಬೇಕಿಲ್ಲ.

ಗಾಳಿ ಜೋರಾದರೆ ಹತ್ತಿರದ ಬಂದರಿಗೆ ನುಗ್ಗಿದರಾಯಿತು ಎಂಬುದು ಇನ್ನೂ ಅಪಾಯದ ನಂಬಿಕೆ. ಕಾರವಾರದ ಕೊಲ್ಲಿ ಗುಡ್ಡ, ದ್ವೀಪಗಳ ಮರೆಯಲ್ಲಿದೆ, ನಿಜ. ಆದರೆ ಹೊನ್ನಾವರ, ಗಂಗೊಳ್ಳಿ, ಮಂಗಳೂರಿನ ಹಳೇ ಬಂದರು ಇರುವುದು ನದಿಗಳ ಅಳಿವೆಯೊಳಗೆ. ಅಳಿವೆಯ ಬಾಯಲ್ಲಿ ಮರಳು ಕೂತು ಆಳ ಕಡಿಮೆಯಾಗಿರುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಕ್ಕೆ, ಕಡಲ ಅಲೆ ಒಳಕ್ಕೆ. ಎರಡೂ ಎದುರಾದಲ್ಲಿ ಅಲೆ ಗೋಡೆಯಂತೆ ಎದ್ದು ಮಗುಚುತ್ತದೆ. ಹೊರಗಿನಿಂದ ಬರುವವನಿಗೆ ಕಾಣುವುದು ಅಲೆಗಳ ಬೆನ್ನು ಮಾತ್ರ, ಹಾಗಾಗಿ ಎಲ್ಲ ಶಾಂತವಾಗಿಯೇ ತೋರುತ್ತದೆ. ಬಲ್ಲ ಮೀನುಗಾರರು ಉಬ್ಬರ ಏರುವವರೆಗೆ ಹೊರಗೇ ಕಾಯುತ್ತಾರೆ. ಉಬ್ಬರದ ವೇಳಾಪಟ್ಟಿಯನ್ನೂ ಕಡಲ ನಕ್ಷೆಯನ್ನೂ ಪ್ರಕಟಿಸುವ ಕಚೇರಿಗಳು ಇರುವುದು ಹಿಮಾಲಯದ ಬುಡದ ಡೆಹ್ರಾಡೂನಿನಲ್ಲಿ. ಅಲೆಗಳ ಮುನ್ಸೂಚನೆಯನ್ನು ಪುಕ್ಕಟೆ ಕೊಡುವ ಇನ್‌ಕಾಯಿಸ್ ಸಂಸ್ಥೆ ಹೈದರಾಬಾದಿನಲ್ಲಿ!

ದೊಡ್ಡ ದೋಣಿಯೇ ಬೇಕೆಂಬ ಮಾತಿಗೆ ಲಿನ್ ಮತ್ತು ಲ್ಯಾರಿ ಪಾರ್ಡಿ ಎಂಬ ನಾವಿಕ ದಂಪತಿಯ ಉದಾಹರಣೆಯೊಂದೇ ಸಾಕು. 1968ರಲ್ಲಿ ನೀರಿಗಿಳಿದ ಅವರ 'ಸೆರಾಫಿನ್' ಸುಮಾರು 24 ಅಡಿಯದು, ಎಂಜಿನ್ ಇಲ್ಲದ್ದು. ಅದರಲ್ಲೇ ಅವರು ಜಗತ್ತು ಸುತ್ತಿದರು.

ಲೈಫ್ ರಾಫ್ಟ್ ಇದ್ದರೆ ಜೀವಕ್ಕೆ ಭಯವಿಲ್ಲ ಎನ್ನುವವರು 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಯನ್ನು ನೆನೆಯಬೇಕು. ಅದರ ನಡುವೆ ಎದ್ದ ಬಿರುಗಾಳಿಯಲ್ಲಿ 15 ಸ್ಪರ್ಧಿಗಳು ಸತ್ತರು. ಜನ ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದ್ದು ಐದೇ. ಉಳಿದವು ಆಮೇಲೆ ತೇಲುತ್ತಲೇ ಸಿಕ್ಕವು. ರಾಫ್ಟ್ ಬೇಡವೆಂದಲ್ಲ. ಕೈಯಲ್ಲಿರುವ ಹಣ ಕಡಿಮೆಯಿದ್ದಾಗ ಮೊದಲ ರೂಪಾಯಿ ದೋಣಿಯನ್ನೇ ತೇಲಿಸಿಡಲು ಹೋಗಬೇಕು. ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ದೋಣಿಯ ತೂತಿಗೆ ಜೋಡಿಸಿದ ನಾಲ್ಕು ಸೆಂಟಿಮೀಟರ್ ಅಗಲದ ಪೈಪು ಕಳಚಿದರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಅದಕ್ಕೆ ಮದ್ದು, ಆ ತೂತಿನ ಪಕ್ಕದಲ್ಲೇ ದಾರದಿಂದ ಕಟ್ಟಿಟ್ಟ ಮರದ ಬಿರಡೆ. ಬಡಗಿ ಕೆತ್ತಿಕೊಡುತ್ತಾನೆ. ಲಂಗರಿನ ಹಗ್ಗದಲ್ಲಿ ಮಾತ್ರ ಜಿಪುಣತನ ಸಲ್ಲದು: ಐದು ಮೀಟರ್ ಆಳಕ್ಕೆ ಕಡಿಮೆಯೆಂದರೂ 35 ಮೀಟರ್ ಬಿಡಬೇಕು. ಲೈಫ್ ಜಾಕೆಟ್ಟಿನಲ್ಲೂ ಅಷ್ಟೇ.

ಮೊಬೈಲಿನ ವಿಷಯದಲ್ಲಿ ನಂಬಿಕೆ ತಲೆಕೆಳಗಾಗಿದೆ: ನೆಟ್‌ವರ್ಕ್ ಇಲ್ಲದಿದ್ದರೆ ದಾರಿ ಕಾಣದು, ಕರೆ ಮಾತ್ರ ಹೇಗಾದರೂ ಹೋದೀತು ಎಂದುಕೊಳ್ಳುತ್ತಾರೆ. ನೆಟ್‌ವರ್ಕ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554ಕ್ಕೆ ಕರೆ ಹೋಗಲು ಮಾತ್ರ ಸಿಗ್ನಲ್ ಬೇಕೇ ಬೇಕು. ಆದ್ದರಿಂದ ಹೊರಡುವ ಮುಂಚೆ ದೋಣಿಯ ಬಣ್ಣ, ಜನರ ಸಂಖ್ಯೆ, ತಲುಪುವ ಹೊತ್ತು, ಎಷ್ಟು ತಡವಾದರೆ 1554ಕ್ಕೆ ತಿಳಿಸಬೇಕು, ಇಷ್ಟನ್ನೂ ಚೀಟಿಯಲ್ಲಿ ಬರೆದು ದಡದಲ್ಲಿರುವ ಒಬ್ಬರ ಕೈಗೆ ಕೊಟ್ಟಿರಬೇಕು.