ಬಿ.ಕಾಂ. ಮೊದಲ ಸೆಮಿಸ್ಟರ್: ಟೈಮ್‌ಟೇಬಲ್ ಹಾಕೋದು ಕಾಲೇಜಲ್ಲ, ನೀವು!

ಪಿಯುಸಿ ರಿಸಲ್ಟ್ ಬಂತು, ಮಗಳಿಗೆ ಬಿ.ಕಾಂ. ಸೀಟೂ ಸಿಕ್ತು. ‘ಅಬ್ಬಾ, ಒಂದು ಚಿಂತೆ ಕಳೀತು’ ಅಂತ ನೀವು ಉಸಿರು ಬಿಡುವಷ್ಟರಲ್ಲಿ ಪಕ್ಕದ ಮನೆಯವರು ಬರುತ್ತಾರೆ. ‘ಬರೀ ಬಿ.ಕಾಂ. ಯಾರ್ರೀ ಕೇಳ್ತಾರೆ? ಜತೆಗೆ ಸಿ.ಎ. ಕಟ್ಸಿ, ಟ್ಯಾಲಿ ಕಲಿಸಿ, ಸ್ಪೋಕನ್ ಇಂಗ್ಲಿಷಿಗೂ ಹಾಕಿ.’ ಅತ್ತೆಯವರ ಲೆಕ್ಕವೇ ಬೇರೆ: ‘ಕಾಲೇಜು ಅಂದ್ರೆ ಇಡೀ ದಿನ ಏನೂ ಇರಲ್ವಲ್ಲ, ಬಂದ್ಮೇಲೆ ಅಡುಗೆಮನೆಗೂ ಸ್ವಲ್ಪ ಒದಗಲಿ.’ ಎಲ್ಲರೂ ಒಳ್ಳೆಯದನ್ನೇ ಹೇಳುವವರು. ಆದರೆ ಆ ಹುಡುಗಿಯ ದಿನವನ್ನು ಯಾರಾದರೂ ಕೂತು ಲೆಕ್ಕ ಹಾಕಿದ್ದಾರಾ?

ಅಮೆರಿಕದಲ್ಲಿರುವ ನೆಂಟರ ಮಕ್ಕಳು ‘ಈ ಸೆಮಿಸ್ಟರಿಗೆ ನಾಲ್ಕೇ ಸಬ್ಜೆಕ್ಟ್ ತಗೊಂಡೆ, ಬೆಳಿಗ್ಗೆ ಎಂಟರ ಕ್ಲಾಸ್ ಬಿಟ್ಟೆ’ ಅಂತ ಹೇಳುವುದನ್ನು ಕೇಳಿರುತ್ತೀರಿ. ನಮ್ಮಲ್ಲಿ ಹಾಗಿಲ್ಲ. ಕೊಪ್ಪ ಮತ್ತು ನರಸಿಂಹರಾಜಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿರಲಿ, ಶೃಂಗೇರಿಯ ಜೆಸಿಬಿಎಂ ಕಾಲೇಜಿರಲಿ, ಎಲ್ಲವೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪಠ್ಯಕ್ರಮದಂತೆ ನಡೆಯುವಂಥವು. ಎರಡು ಭಾಷೆ, ಲೆಕ್ಕಶಾಸ್ತ್ರ, ವಾಣಿಜ್ಯದ ಇನ್ನಷ್ಟು ವಿಷಯಗಳು, ಜತೆಗೊಂದು ಕಡ್ಡಾಯ ವಿಷಯ... ಪಟ್ಟಿ ಸಿದ್ಧವಾಗಿಯೇ ಬರುತ್ತದೆ. ಹಾಗಾದರೆ ಪ್ಲಾನ್ ಮಾಡುವುದಕ್ಕೆ ಏನು ಉಳೀತು ಅಂತೀರಾ? ಪಟ್ಟಿಯ ಆಚೆ ಇರುವುದೆಲ್ಲ ಉಳಿದಿದೆ. ಬಸ್ಸು, ಮನೆಗೆಲಸ, ಟ್ಯೂಷನ್, ಹಬ್ಬ, ಕೊಯ್ಲು. ಅವೆಲ್ಲ ಇರುವುದು ನಿಮ್ಮ ಕೈಯಲ್ಲಿ.

ನಿಯಮಗಳು ಈಚೆಗೆ ಎರಡು ಸಲ ಬದಲಾಗಿವೆ, ಇದನ್ನು ಮಾತ್ರ ಗಮನದಲ್ಲಿಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಡಿಗ್ರಿ ನಾಲ್ಕು ವರ್ಷದ್ದಾಯಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಆದ್ದರಿಂದ ಅಕ್ಕನ ಮಗಳ ಹಳೇ ಸಿಲಬಸ್, ಹಳೇ ಗೈಡು ತಂದು ಕೊಡಬೇಡಿ. ಮಗಳು ಸೇರಿದ ವರ್ಷದ ವಿಷಯಪಟ್ಟಿಯನ್ನೇ ಕಾಲೇಜಿನಿಂದ ತರಿಸಿ. ಬಿಬಿಎ ಆದರೆ ಇನ್ನೊಂದು ಮಾತು: 2024-25ರಿಂದ ಆ ಕೋರ್ಸು ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ಅನುಮೋದನೆ ಇದೆಯೇ ಎಂದು ಕೇಳಿಯೇ ಸೇರಿಸಿ.

ಆ ಪಟ್ಟಿಯಲ್ಲಿ ‘ಕ್ರೆಡಿಟ್’ ಎಂಬ ಕಾಲಂ ಇರುತ್ತದೆ. ಗಾಬರಿ ಬೇಡ. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಪ್ರಾಕ್ಟಿಕಲ್ ಆದರೆ ಎರಡು ಗಂಟೆ, ಅಷ್ಟೇ. ಎಲ್ಲ ಕೂಡಿಸಿದರೆ ವಾರದಲ್ಲಿ ಅವಳು ಎಷ್ಟು ಗಂಟೆ ಕ್ಲಾಸಿನಲ್ಲಿ ಕೂರುತ್ತಾಳೆ ಅಂತ ಗೊತ್ತಾಗುತ್ತದೆ. ಉದಾಹರಣೆಗೆ 24 ಗಂಟೆ ಬಂತು ಅಂದುಕೊಳ್ಳಿ. ಎರಡು ಗಂಟೆ ಪಾಠಕ್ಕೆ ಮನೆಯಲ್ಲಿ ಒಂದು ಗಂಟೆ ಓದು ಅಂತ ಹಿಡಿದರೂ ವಾರಕ್ಕೆ 12 ಗಂಟೆ, ಅಂದರೆ ಭಾನುವಾರ ಬಿಟ್ಟು ದಿನಕ್ಕೆ ಎರಡು ಗಂಟೆ ಬೇಕೇ ಬೇಕು.

ಈಗ ಆ ಎರಡು ಗಂಟೆಯನ್ನು ಹುಡುಕಿ ನೋಡೋಣ. ಕಿಗ್ಗಾ ಕಡೆಯಿಂದ ಶೃಂಗೇರಿಗೋ, ಜಯಪುರದಿಂದ ಕೊಪ್ಪಕ್ಕೋ, ಬಾಳೆಹೊನ್ನೂರಿನಿಂದ ಎನ್.ಆರ್. ಪುರಕ್ಕೋ ಓಡಾಡುವ ಹುಡುಗಿ ಎಂಟಕ್ಕೆ ಮುಂಚೆ ಮನೆ ಬಿಟ್ಟರೆ ವಾಪಸಾಗುವಾಗ ಐದೂವರೆ. ಮುಖ ತೊಳೆದು ಕಾಫಿ ಕುಡಿದರೆ ಆರು. ಹತ್ತಕ್ಕೆ ಮಲಗಬೇಕು. ಮಧ್ಯೆ ಇರುವುದು ನಾಲ್ಕೇ ಗಂಟೆ. ಊಟ, ಮರುದಿನದ ತಯಾರಿ, ತಮ್ಮನ ಹೋಂವರ್ಕು, ಪಾತ್ರೆ, ಸ್ವಲ್ಪ ಮೊಬೈಲು (ಇಲ್ಲ ಅಂದ್ರೆ ನಂಬೋಕಾಗುತ್ತಾ?) ಎಲ್ಲ ಕಳೆದರೆ ಕಷ್ಟಪಟ್ಟು ಎರಡು ಗಂಟೆ ಸಿಕ್ಕೀತು. ಇದರ ಮೇಲೆ ಟ್ಯಾಲಿ ಕ್ಲಾಸು, ಸಿ.ಎ. ಕೋಚಿಂಗು ಎಲ್ಲಿ ಇಡುತ್ತೀರಿ?

ಬಸ್ಸಿನ ವಿಷಯ ನಮ್ಮ ಮಲೆನಾಡಿನಲ್ಲಿ ಚಿಕ್ಕದಲ್ಲ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಹಳ್ಳಿಹಳ್ಳಿಗೆ ಓಡುತ್ತಿತ್ತು, 2020ರಲ್ಲಿ ನಿಂತುಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಆದರೆ ಆ ಸೌಲಭ್ಯ ಖಾಸಗಿ ಬಸ್ಸಿಗಿಲ್ಲ. ಫ್ರೀ ಬಸ್ಸಿಗಾಗಿ ಒಂದು ಗಂಟೆ ಸ್ಟ್ಯಾಂಡಿನಲ್ಲಿ ಕಾಯುವುದಾ, ದುಡ್ಡು ಕೊಟ್ಟು ಬೇಗ ಬರುವುದಾ? ವಾರದಲ್ಲಿ ಆರು ದಿನ ಒಂದೊಂದು ಗಂಟೆ ಕಾದರೆ ಆರು ಗಂಟೆ, ಅಂದರೆ ಅವಳ ಓದಿನ ಅರ್ಧ ಸಮಯ ಹೋಯಿತು. ಪರೀಕ್ಷೆ ಹತ್ತಿರವಾದಾಗ ಆ ಟಿಕೆಟ್ ದುಡ್ಡನ್ನು ಖರ್ಚು ಅಂತ ನೋಡಬೇಡಿ. ಪೇಟೆಯಲ್ಲಿರುವ ನಿಮ್ಮ ಮನೆಗೆ ತಂಗಿಯ ಮಗಳೋ ನಾದಿನಿಯ ಮಗಳೋ ಓದಲು ಬಂದು ಉಳಿದಿದ್ದರೆ ಈ ತಾಪತ್ರಯ ಇಲ್ಲ. ಆದರೆ ಅಂಥ ಹುಡುಗಿಯರು ‘ಮನೆಯಲ್ಲಿ ಇಟ್ಟುಕೊಂಡಿದ್ದಾರಲ್ಲ’ ಅಂತ ಸಂಕೋಚಪಟ್ಟುಕೊಂಡು ಕೇಳದಿದ್ದರೂ ಕೆಲಸಕ್ಕೆ ಏಳುತ್ತಾರೆ. ‘ಏಳರಿಂದ ಒಂಬತ್ತು ನಿನ್ನದು, ಆಗ ಅಡುಗೆಮನೆ ಕಡೆ ತಲೆ ಹಾಕಬೇಡ’ ಅಂತ ನೀವೇ ಬಾಯಿಬಿಟ್ಟು ಹೇಳಿಬಿಡಿ. ನೀವು ಹೇಳದೆ ಅವಳು ಕೂರುವುದಿಲ್ಲ.

ಲೆಕ್ಕಶಾಸ್ತ್ರಕ್ಕೆ ದಿನಕ್ಕೊಂದು ಗಂಟೆ

ಮೊದಲ ಸೆಮಿಸ್ಟರಿನಲ್ಲಿ ಮಕ್ಕಳು ಎಡವುವುದು ಸಾಮಾನ್ಯವಾಗಿ ಇಲ್ಲೇ. ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲ ಎರಡು ವರ್ಷದ ಪರಿಚಯ. ಸೈನ್ಸೋ ಆರ್ಟ್ಸೋ ಓದಿ ಬಿ.ಕಾಂ.ಗೆ ಬಂದವಳಿಗೆ ಇದು ಹೊಸ ಭಾಷೆ. ಕ್ಲಾಸಿನಲ್ಲಿ ಪಕ್ಕದವಳು ಪಟಪಟ ಬರೆಯುವಾಗ ಇವಳಿಗೆ ಡೆಬಿಟ್ ಯಾವ ಕಡೆ ಅನ್ನುವುದೇ ಗೊಂದಲ. ಕೇಳಲು ನಾಚಿಕೆ. ಎರಡು ತಿಂಗಳು ಹೀಗೇ ಕಳೆದರೆ ಒಂದು ಪೇಪರ್ ಬ್ಯಾಕ್ ಉಳಿಯುತ್ತದೆ. ಹುಡುಗ ಆದರೆ ‘ಮುಂದಿನ ಸಲ ಕಟ್ಟು’ ಅನ್ನುತ್ತಾರೆ. ಹುಡುಗಿಗೆ? ‘ಓದು ತಲೆಗೆ ಹತ್ತಲ್ಲ, ಗಂಡು ನೋಡೋಣ’ ಅನ್ನುವ ಮಾತು ಮನೆಯಲ್ಲಿ ಎಷ್ಟು ಬೇಗ ಶುರುವಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಆದ್ದರಿಂದ ಕಾಲೇಜು ಶುರುವಾಗುವ ಮುಂಚೆಯೇ ಫಸ್ಟ್ ಪಿಯುಸಿ ಅಕೌಂಟೆನ್ಸಿ ಪುಸ್ತಕವನ್ನು ಯಾರಿಂದಾದರೂ ಎರವಲು ತನ್ನಿ. ಟ್ರಯಲ್ ಬ್ಯಾಲೆನ್ಸ್ ತನಕ ಒಮ್ಮೆ ಕೈಯಾರೆ ಬರೆಯಲಿ. ಓದಿದರೆ ಬರುವ ವಿಷಯ ಅಲ್ಲ ಇದು, ರಂಗೋಲಿಯ ಹಾಗೆ, ಇಟ್ಟು ಇಟ್ಟೇ ಕೈ ಕೂರಬೇಕು. ಆ ಎರಡು ಗಂಟೆಯಲ್ಲಿ ಒಂದು ಗಂಟೆ ದಿನವೂ ಇದಕ್ಕೇ ಇರಲಿ. ಭಾನುವಾರ ಆರು ಗಂಟೆ ಕೂತರೆ ಆಯ್ತು ಅನ್ನುವ ಲೆಕ್ಕ ಬೇಡ.

ಮನೆಯಲ್ಲೇ ಒಂದು ಪಾಠವೂ ಇದೆ. ಮಾಮ್ಕೋಸ್‌ಗೆ ಅಡಿಕೆ ಹಾಕಿದ ದುಡ್ಡು ಬ್ಯಾಂಕಿಗೆ ಬಂದಿದೆ ಅಂದುಕೊಳ್ಳಿ. ಪಾಸ್‌ಬುಕ್ಕಿನಲ್ಲಿ ಅದು ‘ಕ್ರೆಡಿಟ್’ ಅಂತ ಇರುತ್ತದೆ. ಅದೇ ದುಡ್ಡನ್ನು ಮಗಳು ತನ್ನ ಪುಸ್ತಕದಲ್ಲಿ ಬ್ಯಾಂಕ್ ಖಾತೆಗೆ ‘ಡೆಬಿಟ್’ ಅಂತ ಬರೆಯಬೇಕು. ಯಾಕೆ? ಪಾಸ್‌ಬುಕ್ ಬರೆಯುವುದು ಬ್ಯಾಂಕು, ಅದಕ್ಕೆ ನಿಮ್ಮ ದುಡ್ಡು ಅಂದರೆ ನಿಮಗೆ ಕೊಡಬೇಕಾದ ಸಾಲ. ನಿಮಗೆ ಅದು ಆಸ್ತಿ. ಇದೊಂದು ತಲೆಗೆ ಹೊಕ್ಕರೆ ಅರ್ಧ ಭಯ ಹೋಯ್ತು. ಪಾಸ್‌ಬುಕ್ಕನ್ನು ಬೀರುವಿನಲ್ಲಿ ಬೀಗ ಹಾಕಿಡುವ ಬದಲು ಅವಳ ಕೈಗೆ ಕೊಟ್ಟು ನೋಡಿ.

ಭಾಷೆಯ ಆಯ್ಕೆ ಮಾತ್ರ ನಿಜವಾಗಿಯೂ ನಿಮ್ಮದು. ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬುವಾಗ ಸೈಬರ್ ಸೆಂಟರಿನ ಹುಡುಗ ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನದೆ, ಯಾವ ಭಾಷೆ ಅಂತ ಮನೆಯಲ್ಲೇ ತೀರ್ಮಾನಿಸಿ ಹೋಗಿ. ‘ಸಂಸ್ಕೃತಕ್ಕೆ ಮಾರ್ಕ್ಸ್ ಜಾಸ್ತಿ’ ಅನ್ನುವುದು ಶೃಂಗೇರಿ ಕಡೆ ಹಳೇ ಮಾತು. ಪಿಯುಸಿಯಲ್ಲೂ ಅದನ್ನೇ ಓದಿದ್ದರೆ ಸರಿ. ಕನ್ನಡ ಓದಿದವಳು ಬರೀ ಅಂಕದ ಆಸೆಗೆ ಈಗ ಬದಲಿಸಿದರೆ, ಲೆಕ್ಕಶಾಸ್ತ್ರದ ಜತೆ ಇನ್ನೊಂದು ಹೊಸ ವಿಷಯ ತಲೆ ಮೇಲೆ ಬಂದ ಹಾಗೆ. ಕನ್ನಡ ಮೀಡಿಯಂನಲ್ಲಿ ಓದಿದ್ದರೆ, ವಾಣಿಜ್ಯದ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಮೊದಲ ವಾರವೇ ಮೇಷ್ಟ್ರನ್ನು ಕೇಳಲು ಹೇಳಿ.

ಇನ್ನು ಸಿ.ಎ. ಮಾತು. 2024ರಿಂದ ಸಿ.ಎ. ಫೌಂಡೇಷನ್ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ, ನಾಲ್ಕು ಪೇಪರ್. ಅವಕಾಶ ಜಾಸ್ತಿಯಾಯಿತು ಅಂದಮೇಲೆ ಅವಸರ ಕಡಿಮೆಯಾಗಬೇಕು, ಅಲ್ಲವೇ? ಅಷ್ಟೇ ಅಲ್ಲ, ಬಿ.ಕಾಂ. ಅನ್ನು ಶೇ 55 ಅಂಕದೊಂದಿಗೆ ಮುಗಿಸಿದವರು ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಪಿಯುಸಿಯಲ್ಲಿ ಅಕೌಂಟೆನ್ಸಿ ಚೆನ್ನಾಗಿ ಮಾಡಿ, ತಾನೇ ಹಟ ಹಿಡಿದವಳಾದರೆ ಕಟ್ಟಲಿ, ತಡೆಯಬೇಡಿ. ಉಳಿದವರಿಗೆ ಮೊದಲ ಸೆಮಿಸ್ಟರಿನಲ್ಲಿ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಟ್ಯಾಲಿಯೂ ಅಷ್ಟೇ. ಕೈಯಲ್ಲಿ ಲೆಡ್ಜರ್ ಬರೆಯಲು ಬರದವಳು ಕಂಪ್ಯೂಟರಿನಲ್ಲಿ ಎಂಟ್ರಿ ಹೊಡೆದರೆ ಏನು ಕಲಿತ ಹಾಗಾಯ್ತು? ರಜೆಯಲ್ಲಿ ಕಲಿಯಲಿ.

ಕೊನೆಯದಾಗಿ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ. ಸೆಮಿಸ್ಟರ್ ಅಂದರೆ ಸುಮಾರು ಹದಿನಾರು ವಾರ. ಮಳೆಗಾಲದ ರಜೆಗಳು, ಗಣಪತಿ ಹಬ್ಬ, ಶೃಂಗೇರಿಯಲ್ಲಂತೂ ನವರಾತ್ರಿಯ ಸಂಭ್ರಮ, ಆಮೇಲೆ ದೀಪಾವಳಿ. ಇವುಗಳಿಗೆಲ್ಲ ಗುರುತು ಹಾಕಿ ನೋಡಿದರೆ ಪಾಠ ನಡೆಯುವ ವಾರಗಳು ನೀವು ಅಂದುಕೊಂಡಷ್ಟು ಇರುವುದಿಲ್ಲ. ಹಾಜರಾತಿ ಶೇ 75 ಬೇಕು, ಆದ್ದರಿಂದ ಮದುವೆ ಮುಂಜಿಗೆ ಅಂತ ಅವಳನ್ನು ಎಳೆದುಕೊಂಡು ಹೋಗುವ ಮುಂಚೆ ಎಣಿಸಿ. ಟೆಸ್ಟ್, ಅಸೈನ್‌ಮೆಂಟ್‌ಗಳ ತಾರೀಕನ್ನೂ ಅದರಲ್ಲೇ ಬರೆಯಲಿ. ಆಂತರಿಕ ಅಂಕ ಬರುವುದು ಅವುಗಳಿಂದಲೇ. ಸ್ಕಾಲರ್‌ಶಿಪ್ಪಿಗೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಲೆಯುವ ಕೆಲಸ ಅಪ್ಪನದ್ದಾಗಲಿ. ಅದಕ್ಕೂ ಕ್ಲಾಸ್ ತಪ್ಪಿಸುವುದು ಬೇಡ.

ದೀಪಾವಳಿ ಕಳೆಯುತ್ತಿದ್ದಂತೆ ಕೊನೆ ಕೊಯ್ಲು ಜೋರಾಗುತ್ತದೆ. ಆಳು ಸಿಗುವುದಿಲ್ಲ, ರಾತ್ರಿ ಸುಲಿತಕ್ಕೆ ಮನೆಮಂದಿಯೆಲ್ಲ ಕೂರಬೇಕು. ಸೆಮಿಸ್ಟರ್ ಪರೀಕ್ಷೆ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪರೀಕ್ಷೆ ವೇಳಾಪಟ್ಟಿ ಕೈಗೆ ಬಂದ ದಿನವೇ ಅದರದ್ದೊಂದು ಫೋಟೋ ತೆಗೆದು ತೋಟದ ಮನೆಗೆ ಕಳಿಸಿ. ಕೊನೆಗಾರನಿಗೆ ಯಾವ ವಾರ ಬರಲು ಹೇಳಬೇಕು ಅಂತ ಮಾವನವರು ಅದನ್ನು ನೋಡಿಯೇ ತೀರ್ಮಾನಿಸಲಿ.